ಬಿನ್ನವತ್ತಳೆ ಬರೆಯುವ ಮುನ್ನ

ಹೊಸಪೇಟೆಯಂಥ ಊರಿನಲ್ಲಿ ಕಥೆ ಬರೆಯುವವರಿಗೆ ಪತ್ರಿಕೆಗಳಿಗಿಂತ ಹೆಚ್ಚು ಕೆಲಸ ಕೊಡುವವರು ಸನ್ಮಾನ ಸಮಿತಿಯವರು. ಮೇಷ್ಟರೊಬ್ಬರು ನಿವೃತ್ತರಾದರೆ, ಬ್ಯಾಂಕಿನ ಮ್ಯಾನೇಜರಿಗೆ ವರ್ಗವಾದರೆ, ಮಸೀದಿಯ ಮುತವಲ್ಲಿ ಹುದ್ದೆ ಬಿಟ್ಟರೆ, ಸಂಜೆ ಮಗ್ರಿಬ್ ಕಳೆದ ಮೇಲೆ ಯಾರಾದರೂ ಮನೆ ಬಾಗಿಲಿಗೆ ಬರುತ್ತಾರೆ. “ಒಂದೇ ಪೇಜು ಸಾಕ್ರೀ ಸಾರ್, ಫ್ರೇಮ್ ಹಾಕಿಸಬೇಕು” ಎನ್ನುತ್ತಾರೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಎರಡೂ ಕಡೆಯ ಗಿರಾಕಿಗಳಿದ್ದಾರೆ. ಉರ್ದುವಿನಲ್ಲಾದರೆ ಅದು ಸಿಪಾಸ್‌ನಾಮಾ, ಕನ್ನಡದಲ್ಲಾದರೆ ಬಿನ್ನವತ್ತಳೆ. ಹೆಸರು ಬೇರೆ, ಒಳಗಿನ ಸಕ್ಕರೆ ಪಾಕ ಒಂದೇ.

ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯುವ ದಿನಗಳಲ್ಲಿ ಕಂಪ್ಲಿ ಕಡೆಯ ಹಳ್ಳಿಯೊಂದರಿಂದ ಮೂವರು ಹುಡುಗರು ಬಂದರು. 2020ರ ಡಿಸೆಂಬರಿನಲ್ಲಿ ಆಯ್ಕೆಯಾಗಿದ್ದ ತಮ್ಮ ಪಂಚಾಯಿತಿಯ ಇಬ್ಬರು ಸದಸ್ಯರಿಗೆ ಸನ್ಮಾನ ಮಾಡಿ ಬೀಳ್ಕೊಡಬೇಕೆಂದು ಅವರ ಆಸೆ. ಒಬ್ಬರು ಸೈನ್ಯದಿಂದ ನಿವೃತ್ತರಾಗಿ ಬಂದು ಸದಸ್ಯರಾದವರು. ಇನ್ನೊಬ್ಬರು ತಾಂಡಾದ ಹೆಣ್ಣುಮಗಳು. ಹುಡುಗರು ತಾವೇ ಒಂದು ಕರಡು ಮಾಡಿಕೊಂಡು ಬಂದಿದ್ದರು. ನಾವು ಅದನ್ನು ತಿದ್ದಿಕೊಟ್ಟರೆ ಸಾಕಿತ್ತು.

ಸೈನಿಕರ ಕರಡಿನಲ್ಲಿ “ವೈರಿಗಳ ಎದೆ ನಡುಗಿಸಿದ ಕಲಿ” ಎಂದಿತ್ತು. ಅದನ್ನು ದಾಟಿ ಮುಂದೆ ಹೋದೆವು. ಹೆಣ್ಣುಮಗಳ ಕರಡಿನ ಮೊದಲ ಸಾಲು ಹೀಗಿತ್ತು: “ಮಹಿಳೆಯಾಗಿದ್ದರೂ, ಹಿಂದುಳಿದ ಸಮುದಾಯದವರಾಗಿದ್ದರೂ, ಧೈರ್ಯದಿಂದ ಜನಸೇವೆ ಮಾಡಿದ...”

ಅಲ್ಲಿಗೆ ನಮ್ಮ ಪೆನ್ನು ನಿಂತಿತು. ಹುಡುಗರು ಕಾಗುಣಿತ ತಪ್ಪಾಯಿತೇನೋ ಎಂದು ಮುಖ ನೋಡಿದರು. ಕಾಗುಣಿತ ಸರಿಯಾಗಿಯೇ ಇತ್ತು. “ಎರಡು ದಿನ ಬಿಟ್ಟು ಬನ್ನಿ” ಎಂದು ಹೇಳಿ ಕಳಿಸಿದೆವು. ಆ ಎರಡು ದಿನ ನಮ್ಮ ತಲೆಯಲ್ಲಿ ಓಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಮ್ಮನ ಅಣ್ಣ, ನಮ್ಮ ಮಾಮೂ, ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ, 1780ರಷ್ಟು ಹಳೆಯ ದಳ ಅದು. ಸೈನ್ಯದಲ್ಲಿ ಅವರನ್ನು ‘ತಂಬಿ’ ಎಂದು ಕರೆಯುತ್ತಾರೆ. ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಎಲ್ಲರೂ ಅಲ್ಲಿ ತಂಬಿಗಳೇ. ಸೇತುವೆ ಕಟ್ಟುವುದು, ದಾರಿ ಮಾಡುವುದು, ವೈರಿ ಹೂತಿಟ್ಟ ಮೈನುಗಳನ್ನು ತೆಗೆಯುವುದು ಇವರ ಕೆಲಸ. ನಮ್ಮ ಕಡೆ ‘ಮೈನ್ಸ್’ ಎಂದರೆ ಸಂಡೂರಿನ ಅದಿರಿನ ಗಣಿ. ಮಾಮೂ ರಜೆಗೆ ಬಂದಾಗ “ನಾನು ಮೈನ್ಸ್‌ನಲ್ಲಿ ಕೆಲಸ ಮಾಡಿದೆ” ಎಂದರೆ ಮೊಹಲ್ಲಾದ ಹೆಂಗಸರು “ಅದಕ್ಕೆ ಪಂಜಾಬಿನ ತನಕ ಯಾಕೆ ಹೋಗಬೇಕಿತ್ತು, ಸಂಡೂರಿನಲ್ಲೇ ಇರಲಿಲ್ಲವಾ?” ಎಂದು ಕೇಳಿದ್ದರಂತೆ. ಮನೆಯಲ್ಲಿ ಎಷ್ಟೋ ವರ್ಷ ನಡೆದ ತಮಾಷೆ ಇದು.

1971ರ ಡಿಸೆಂಬರಿನಲ್ಲಿ ಅವರು ಶಕರ್‌ಗಢ ವಲಯದಲ್ಲಿದ್ದರು. ಬಸಂತರ್ ನದಿಯಾಚೆ ನಮ್ಮ ಟ್ಯಾಂಕುಗಳು ಹೋಗಬೇಕಾಗಿತ್ತು. ನಡುವೆ ಮೈನುಗಳ ಹೊಲ. ರಾತ್ರಿ ಹೊತ್ತು ಹೊಟ್ಟೆಯ ಮೇಲೆ ತೆವಳುತ್ತ, ಚೂಪು ಕಡ್ಡಿಯಿಂದ ನೆಲವನ್ನು ಓರೆಯಾಗಿ ಚುಚ್ಚಿ ನೋಡುತ್ತ, ಟ್ಯಾಂಕು ಹೋಗುವಷ್ಟು ಅಗಲದ ದಾರಿಯನ್ನು ಸ್ಯಾಪರ್‌ಗಳು ಮಾಡಿಕೊಟ್ಟರು. ಆ ದಾರಿಯಲ್ಲಿ ಹೋದ ಟ್ಯಾಂಕುಗಳೇ ಡಿಸೆಂಬರ್ 16ರ ಕಾಳಗವನ್ನು ಮಾಡಿದವು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅಲ್ಲಿಯೇ ಮಡಿದು ಪರಮವೀರ ಚಕ್ರ ಪಡೆದರು. ಶಾಲೆಯ ಪುಸ್ತಕದಲ್ಲಿ ಟ್ಯಾಂಕಿನ ಕಥೆ ಬರುತ್ತದೆ, ಅದು ಸರಿಯೇ. ದಾರಿ ಮಾಡಿದವರ ಕಥೆ ಮಾಮೂನಂಥವರ ಮನೆಗಳಲ್ಲಿ ಮಾತ್ರ ಉಳಿಯುತ್ತದೆ. ಅವರ ಜೊತೆಗಿದ್ದ ಒಬ್ಬ ತಂಬಿ ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದ. ಅವನ ಊರು ಯಾವುದು ಎಂದು ಕೇಳಿದರೆ ಮಾಮೂ ಎದ್ದು ಹೊರಗೆ ಹೋಗುತ್ತಿದ್ದರು. ನಾವು ಕೇಳುವುದನ್ನು ಬಿಟ್ಟೆವು.

ಹವಾಲ್ದಾರರಾಗಿ ನಿವೃತ್ತರಾದ ಮಾಮೂ ಕಂಪ್ಲಿ ಬಳಿಯ ತಮ್ಮ ಹಳ್ಳಿಗೆ ಬಂದು ಎರಡು ಎಕರೆ ಭತ್ತದ ಗದ್ದೆ ಮಾಡಿಕೊಂಡಿದ್ದರು. 1993ರ ಡಿಸೆಂಬರಿನಲ್ಲಿ ಹೊಸ ಕಾಯ್ದೆಯಡಿ ಮೊದಲ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಊರಿನವರು ಇವರನ್ನು ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ಕಾರಣ ದೇಶಭಕ್ತಿಯೂ ಅಲ್ಲ, ಧರ್ಮವೂ ಅಲ್ಲ. ಅಳತೆ ತಪ್ಪದ ಮನುಷ್ಯ ಎಂಬುದು ಒಂದೇ ಕಾರಣ. ಯಾರ ಮನೆ ಗೋಡೆ ಏಳಬೇಕಾದರೂ ಮಾಮೂ ತಮ್ಮ ಹಳೆಯ ಟೇಪು ಹಿಡಿದು ಹೋಗುತ್ತಿದ್ದರು.

ಪಂಚಾಯಿತಿಯಲ್ಲೂ ಅವರು ಟೇಪು ಬಿಡಲಿಲ್ಲ. ಚರಂಡಿ ಎಷ್ಟು ಗಜ ಎಂದು ಬಿಲ್ಲಿನಲ್ಲಿ ಬರೆದಿದೆಯೋ ಅಷ್ಟು ಗಜ ನೆಲದ ಮೇಲೆ ಇದೆಯೇ ಎಂದು ಬಿಸಿಲಿನಲ್ಲಿ ಬಗ್ಗಿ ಅಳೆಯುತ್ತಿದ್ದರು. ಒಂದು ಸಲ ಹನ್ನೊಂದು ಗಜ ಕಡಿಮೆ ಬಂತು. ಬಿಲ್ಲಿಗೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಗುತ್ತಿಗೆದಾರ ಮನೆಗೆ ಬಂದು ಕುಳಿತ. ಚಹಾ ಕುಡಿಸಿ ಕಳಿಸಿದರು. ಮರುವಾರ ಹನ್ನೊಂದು ಗಜ ಚರಂಡಿ ಆಯಿತು. ಅವರ ಐದು ವರ್ಷದ ಸಾಧನೆಯ ಪಟ್ಟಿ ಮಾಡಿದರೆ ಇಂಥವೇ ಬರುತ್ತವೆ: ನಾಲ್ಕು ನಲ್ಲಿ, ಶಾಲೆಗೆ ಕಾಂಪೌಂಡು, ಕೇರಿಯ ಕಡೆಗೆ ಒಂದು ಕೈಪಂಪು, ಆ ಚರಂಡಿ.

ಅವಧಿ ಮುಗಿದಾಗ ಮತ್ತೆ ನಿಲ್ಲುವುದಿಲ್ಲ ಎಂದರು. ಊರಿನವರು ಸನ್ಮಾನ ಇಟ್ಟುಕೊಂಡರು. ನಮಗೆ ಆಗ ಹತ್ತೊಂಬತ್ತು ವರ್ಷ. ಕಾಲೇಜಿನ ಕಥಾ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಬಿನ್ನವತ್ತಳೆ ಬರೆಯುವ ಕೆಲಸ ಸಹಜವಾಗಿ ನಮ್ಮ ಪಾಲಿಗೆ ಬಂತು. ಮೂರು ರಾತ್ರಿ ಕೂತು ಬರೆದೆವು. ರಣಧೀರ, ಸಿಡಿಲಮರಿ, ಜನಾನುರಾಗಿ, ಎಲ್ಲ ಪದಗಳನ್ನೂ ಹಾಕಿದೆವು. ನಡುವೆ ಒಂದು ಸಾಲು ಹೀಗೆ ಬಂತು: “ಮುಸ್ಲಿಮರಾಗಿದ್ದರೂ ತಾಯ್ನಾಡಿಗಾಗಿ ಪ್ರಾಣದ ಹಂಗು ತೊರೆದು ಹೋರಾಡಿದ ತಾವು...” ಆ ಸಾಲು ಬರೆದ ಮೇಲೆ ಬಹಳ ತೃಪ್ತಿಯಾಗಿತ್ತು. ಕೇಳಿದವರ ಕಣ್ಣಲ್ಲಿ ನೀರು ಬರಬೇಕು ಎಂದುಕೊಂಡಿದ್ದೆವು.

ಸಮಾರಂಭದ ಹಿಂದಿನ ದಿನ ಮಾಮೂ “ಓದು ನೋಡೋಣ” ಎಂದರು. ಅವರ ಕನ್ನಡ ಓದು ನಾಲ್ಕನೆಯ ತರಗತಿಯದು, ಆದರೆ ಕಿವಿ ಚುರುಕು. ಓದುತ್ತ ಹೋದೆವು. ಆ ಸಾಲಿಗೆ ಬಂದಾಗ ಕೈ ಎತ್ತಿ ತಡೆದರು. “ಯೇ ‘ರೂ’ ಕಾಯಕು ಡಾಲ್ಯಾ ರೇ?” ಎಂದರು. ಈ ‘ರೂ’ ಯಾಕೆ ಹಾಕಿದೆಯೋ ಎಂದು. ನಮಗೆ ಅರ್ಥವಾಗಲಿಲ್ಲ. ಉರ್ದುವಿನಲ್ಲಿ ‘ಬಾವಜೂದ್’ ಎನ್ನುತ್ತೇವಲ್ಲ, ಹಾಗೆ, ಹೊಗಳಿಕೆಗಾಗಿ ಎಂದೆವು. ಮಾಮೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: “ಪೌಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದೆ. ಅಲ್ಲಿ ಯಾವ ಸಾಹೇಬನೂ ನನಗೆ ಈ ‘ರೂ’ ಹಚ್ಚಲಿಲ್ಲ. ಕೆಲಸ ಸರಿ ಮಾಡದಿದ್ದರೆ ಬೈದರು, ಮಾಡಿದರೆ ಶಾಬಾಶ್ ಎಂದರು. ನನ್ನ ಅಕ್ಕನ ಹಾಗಿರುವ ತಂಗಿಯ ಮಗ, ನನ್ನ ಮನೆಯವನೇ, ಇದನ್ನು ಹಚ್ಚಿದ್ದೀಯ. ನಾನು ಹೀಗೆ ಇರಬಾರದಿತ್ತು, ಆದರೂ ಇದ್ದೆ ಎಂದ ಹಾಗಾಯಿತಲ್ಲ.”

ನಮ್ಮ ಕೈಯಿಂದ ಪೆನ್ನು ತೆಗೆದುಕೊಂಡು ಆ ಪದವನ್ನು ಅವರೇ ಹೊಡೆದು ಹಾಕಿದರು. ಮಾರನೆಯ ದಿನ ಆ ಸಾಲಿಲ್ಲದ ಬಿನ್ನವತ್ತಳೆಯನ್ನು ಓದಿದೆವು. ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಆದರೆ ನಲ್ಲಿ, ಕೈಪಂಪಿನ ಮಾತು ಬಂದಾಗ ಕೇರಿಯ ಕಡೆಯ ಹೆಂಗಸರು ಚಪ್ಪಾಳೆ ತಟ್ಟಿದರು.

ಮಾಮೂ ಕುಳಿತಿದ್ದ ಆ ಕುರ್ಚಿ ಎಲ್ಲಿಂದ ಬಂತು ಎಂಬುದನ್ನು ನಾವು ವಿಚಾರಿಸಿದ್ದು ಬಹಳ ತಡವಾಗಿ. ಅವರ ಡಿಸ್ಚಾರ್ಜ್ ಪುಸ್ತಕದ ಪಕ್ಕದಲ್ಲಿ ಪಂಚಾಯತ್ ರಾಜ್ ಕಾಯ್ದೆಯ ಒಂದು ಕನ್ನಡ ಪುಸ್ತಕ ಇರುತ್ತಿತ್ತು, ಮೂಲೆ ಮಡಿಚಿ ಮಡಿಚಿ ಹರಿದುಹೋಗಿದ್ದು. ಆ ಕಾಯ್ದೆಯ ಹಿಂದೆ ಇಬ್ಬರು ಮನುಷ್ಯರಿದ್ದಾರೆ. ಇಬ್ಬರೂ ವಿಧಾನಸೌಧದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ಹಿಡಿದವರು. ಒಬ್ಬರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಇನ್ನೊಬ್ಬರು ನಮ್ಮ ಸಂಡೂರಿನ ಎಂ.ವೈ. ಘೋರ್ಪಡೆ.

ನಜೀರ್ ಸಾಬರು 1983ರಲ್ಲಿ ಮಂತ್ರಿಯಾದಾಗ ರಾಜ್ಯದಲ್ಲಿ ಬರ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿದ್ದರು. ದೇಶದ ಬೇರೆ ಭಾಗಗಳು ಆ ಬಗ್ಗೆ ಇನ್ನೂ ಚರ್ಚಿಸುತ್ತಿದ್ದ ಕಾಲ ಅದು. 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರ ಹೆಸರೇ ಇದೆ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ, ಅದಾದ ಎರಡೇ ವಾರಕ್ಕೆ, ಮೇ 10ರಂದು ಕರ್ನಾಟಕದಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಆಗ ಆ ಖಾತೆಯ ಮಂತ್ರಿ ಘೋರ್ಪಡೆಯವರು. 1931ರಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದವರು, 1972ರಿಂದ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. 1999ರಲ್ಲಿ ಮತ್ತೆ ಸಂಡೂರಿನಿಂದ ಗೆದ್ದು ಅದೇ ಪಂಚಾಯತ್ ರಾಜ್ ಖಾತೆಗೆ ಬಂದರು. ಹೆಣ್ಣುಮಕ್ಕಳ ಮೀಸಲು ಮೂರನೇ ಒಂದು ಭಾಗವಾದದ್ದು 1993ರ ಕಾಯ್ದೆಯಿಂದ. ಮುಂದೆ 2010ರಲ್ಲಿ ಅದು ಅರ್ಧಕ್ಕೆ ಏರಿತು. ಕಂಪ್ಲಿ ಕಡೆಯ ತಾಂಡಾದ ಆ ಹೆಣ್ಣುಮಗಳು ಕುರ್ಚಿ ಹತ್ತಿದ್ದು ಈ ಮೆಟ್ಟಿಲುಗಳಿಂದಲೇ.

ಘೋರ್ಪಡೆಯವರು ಸ್ವತಃ ಸೈನ್ಯದ ಸಮವಸ್ತ್ರ ಹಾಕಿದವರಲ್ಲ. ಆದರೆ ಅವರ ಮನೆತನದ ಹೆಸರೇ ಸಿಪಾಯಿಗಿರಿಯಿಂದ ಬಂದದ್ದು. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಹಿರಿಯನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಿಟ್ಟು ಕೋಟೆ ಹತ್ತಿದನೆಂದು ಐತಿಹ್ಯ. ಆ ವಂಶದಲ್ಲಿ ಬಹಳ ಹೆಸರಾದವನು ಗುತ್ತಿಯ ಮುರಾರಿರಾವ್. 1751ರ ಆರ್ಕಾಟ್ ಮುತ್ತಿಗೆಯ ಕಾಲದಿಂದ ದಕ್ಷಿಣದ ಪ್ರತಿಯೊಂದು ಯುದ್ಧದಲ್ಲೂ ಅವನ ಕುದುರೆ ಸವಾರರ ಮಾತು ಬರುತ್ತದೆ. 1776ರಲ್ಲಿ ಹೈದರ್ ಅಲಿ ಗುತ್ತಿಯ ಕೋಟೆಯನ್ನು ಮುತ್ತಿದ. ಕೋಟೆಯೊಳಗಿನ ನೀರು ಮುಗಿದುಹೋಗಿ ಮುರಾರಿರಾವ್ ಶರಣಾಗಬೇಕಾಯಿತು. ಕಬ್ಬಾಳದುರ್ಗದಲ್ಲಿ ಸೆರೆಯಾಳಾಗಿಯೇ ಸತ್ತ. ಸಂಡೂರೂ ಹೈದರನ ಕೈಸೇರಿತು. ಸಂಡೂರಿನ ಬಳಿಯ ಕೃಷ್ಣಾನಗರದ ಕೋಟೆಯನ್ನು ಕಟ್ಟಿಸಲು ತೊಡಗಿದವನು ಹೈದರ್, ಮುಗಿಸಿದವನು ಟಿಪ್ಪು.

ಇದನ್ನು ಬರೆಯುವಾಗ ನಮಗೆ ಒಂದು ಹಳೆಯ ಮುಜುಗರ ನೆನಪಾಗುತ್ತದೆ. ನಾವು ಬೆಳೆದ ಮೊಹಲ್ಲಾದಲ್ಲಿ ಹೈದರ್ ಮತ್ತು ಟಿಪ್ಪು ಮನೆಯ ಹಿರಿಯರಿದ್ದ ಹಾಗೆ. ಶಾಲೆಯ ಏಕಪಾತ್ರಾಭಿನಯಕ್ಕೆ ನಾವೇ ಎರಡು ಸಲ ಟಿಪ್ಪುವಾಗಿ ರಟ್ಟಿನ ಕತ್ತಿ ಹಿಡಿದಿದ್ದೇವೆ. ಮುರಾರಿರಾವ್ ನಮ್ಮ ಕಥೆಯಲ್ಲಿ ಸೋತ ಒಬ್ಬ ಪಾಳೆಯಗಾರ, ಅಷ್ಟೆ. ನೀರಿಲ್ಲದೆ ಕೋಟೆಯ ಬಾಗಿಲು ತೆರೆದ ಮುದಿ ಸೇನಾನಿಯ ಕಡೆಯಿಂದ ಆ ದಿನವನ್ನು ನೋಡಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಸಂಡೂರಿನ ಮನೆಗಳಲ್ಲಿ ಅದೇ ಕಥೆ ಬೇರೆ ರೀತಿ ಇದ್ದಿರಬೇಕು. ಘೋರ್ಪಡೆಯವರು ತಮ್ಮ ಈ ಪೂರ್ವಜನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆದರೆ ಲೆಕ್ಕ ಹಾಕಿ ನೋಡಿ. ಹೈದರನ ಸೆರೆಯಲ್ಲಿ ಸತ್ತವನ ವಂಶದವರು, ಹೈದರನನ್ನು ಹಿರಿಯನೆಂದುಕೊಂಡು ಬೆಳೆದ ಮನೆಯ ಒಬ್ಬ ಹವಾಲ್ದಾರ ಕೂರುವುದಕ್ಕೆ ಕುರ್ಚಿ ಹಾಕುವ ಕಾಯ್ದೆಯನ್ನು ತಂದರು. ಆ ಕಾಯ್ದೆಗೆ ಮೊದಲು ದಾರಿ ಮಾಡಿಕೊಟ್ಟವರು ನೀರ್ ಸಾಬರು. ಮಾಮೂನ ಮಾತಿನಲ್ಲಿ ಹೇಳುವುದಾದರೆ ಮೈನು ತೆಗೆದು ದಾರಿ ಮಾಡಿದವರು ಒಬ್ಬರು, ಅದರಲ್ಲಿ ಗಾಡಿ ಹೊಡೆದವರು ಇನ್ನೊಬ್ಬರು. ಒಬ್ಬರದು ಜನತಾ ಪಕ್ಷ, ಒಬ್ಬರದು ಕಾಂಗ್ರೆಸ್. ಇವರಿಬ್ಬರನ್ನು ಹೊಗಳುವಾಗ “ಸಾಬರಾಗಿದ್ದರೂ”, “ರಾಜರಾಗಿದ್ದರೂ” ಎಂದು ಸೇರಿಸುವ ಭಾಷಣಗಳನ್ನು ನಾವು ಕೇಳಿದ್ದೇವೆ. ಹಾಗೆ ಸೇರಿಸಿದ ಕೂಡಲೇ ಕೆಲಸ ಹಿಂದಕ್ಕೆ ಸರಿದು ಹುಟ್ಟು ಮುಂದಕ್ಕೆ ಬಂದು ನಿಲ್ಲುತ್ತದೆ. ‘ನೀರ್ ಸಾಬ್’ ಎಂದು ಕರೆದ ಹಳ್ಳಿಯವರಿಗೆ ಈ ಗೊಂದಲ ಇರಲಿಲ್ಲ. ನೀರು ಬಂತು, ನೀರ್ ಸಾಬ್ ಎಂದರು. ನಡುವೆ ‘ರೂ’ ಇಲ್ಲ.

ಘೋರ್ಪಡೆಯವರ ಗೌರವಕ್ಕೆ ಬರೆಯುವವರು ಇನ್ನೊಂದು ಮಾತನ್ನೂ ಬಿಡಬಾರದು. ಅವರ ಮನೆತನದವರು ತೊಡಗಿಸಿದ ಮ್ಯಾಂಗನೀಸ್, ಕಬ್ಬಿಣದ ಅದಿರಿನ ಕಂಪನಿ 1954ರಿಂದ ಸಂಡೂರಿನ ಬೆಟ್ಟಗಳಲ್ಲಿದೆ. ಅವರೇ ಕಪ್ಪು ಬಿಳುಪು ಕ್ಯಾಮೆರಾ ಹಿಡಿದು ಕಾಡುಪ್ರಾಣಿಗಳ ಬೆನ್ನು ಹತ್ತಿದವರು, ಆ ಚಿತ್ರಗಳಿಗಾಗಿ ದೇಶ ವಿದೇಶಗಳಲ್ಲಿ ಹೆಸರಾದವರು. ಅಗೆಯುವ ಮನೆ, ಕಾಡು ನೋಡುವ ಕಣ್ಣು, ಎರಡೂ ಒಬ್ಬರಲ್ಲೇ ಇದ್ದವು. 2004ರ ಚುನಾವಣೆಯ ಬಳಿಕ ಅವರು ವಿಧಾನಸಭೆಯಲ್ಲಿ ಇರಲಿಲ್ಲ. ಅದೇ ಹೊತ್ತಿಗೆ ಅದಿರಿನ ಬೆಲೆ ಏರಿತು. ನಮ್ಮ ಹೊಸಪೇಟೆಯ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ. ಒಣಗಲು ಹಾಕಿದ ಬಿಳಿ ಬಟ್ಟೆ ಕೆಂಪಾಗುತ್ತಿತ್ತು. ಬೇಲಿಯ ಗಿಡಗಳಿಗೆ ಹಸಿರೆಂಬುದೇ ಇರಲಿಲ್ಲ. ನಮ್ಮ ಅಕ್ಕಪಕ್ಕದ ಹುಡುಗರು ಸಾಲ ಮಾಡಿ ಲಾರಿ ಕೊಂಡರು. 2011ರ ಜುಲೈ ತಿಂಗಳ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಎರಡು ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು. ಸಾಲ ಮಾಡಿದ್ದ ಹುಡುಗರ ಮನೆಗಳಲ್ಲಿ ಒಲೆಯೂ ನಿಂತಿತು. ಆ ವರ್ಷವೇ ಅಕ್ಟೋಬರಿನಲ್ಲಿ ಘೋರ್ಪಡೆಯವರು ತೀರಿಕೊಂಡರು. ಬಿನ್ನವತ್ತಳೆಯಲ್ಲಿ ಅದಿರಿನ ಧೂಳಿಗೆ ಜಾಗ ಇರುವುದಿಲ್ಲ. ಆದರೆ ಸಂಡೂರಿನ ಮನುಷ್ಯನೊಬ್ಬನನ್ನು ಆ ಧೂಳಿನ ಮಾತಿಲ್ಲದೆ ನೆನೆದರೆ ಅರ್ಧವೇ ನೆನೆದಂತೆ.

ಸಂಡೂರಿಗೆ ಇನ್ನೊಂದು ನೆನಪೂ ಇದೆ. 1932ರಲ್ಲಿ, ಇವರ ತಂದೆ ಯಶವಂತರಾವ್ ಘೋರ್ಪಡೆಯವರ ಆಳ್ವಿಕೆಯಲ್ಲಿ, ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ದೇವಸ್ಥಾನದ ಬಾಗಿಲು ತೆರೆದ ಅರಮನೆಯಿಂದಲೇ ಅರವತ್ತು ವರ್ಷದ ಬಳಿಕ ಪಂಚಾಯಿತಿಯ ಬಾಗಿಲನ್ನು ಅಗಲ ಮಾಡಿದ ಮಂತ್ರಿ ಬಂದರು ಎಂಬುದನ್ನು ಸಂಡೂರಿನವರು ಹೆಮ್ಮೆಯಿಂದ ಹೇಳಿಕೊಂಡರೆ ತಪ್ಪಿಲ್ಲ.

ಮಾಮೂ ಸಾಯುವ ಎರಡು ವರ್ಷದ ಮೊದಲು ಅವರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಹೊಸಪೇಟೆಯವರಾದ ನಾವು ಹಂಪಿಗೆ ನೆಂಟರು ಬಂದಾಗ ಮಾತ್ರ ಹೋಗುತ್ತೇವೆ. ಆ ದಿನ ನೆಂಟರಿರಲಿಲ್ಲ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯಲ್ಲಿ ಅಹಮದ್ ಖಾನನ ಮಸೀದಿ ಇದೆ. ಪಕ್ಕದಲ್ಲಿ ಗುಮ್ಮಟದ ಗೋರಿ. ಮಸೀದಿಗೆ ಮಿನಾರು ಇಲ್ಲ, ಗುಮ್ಮಟವೂ ಇಲ್ಲ. ಕಲ್ಲಿನ ಕಂಬಗಳ ಮಂಟಪದ ಹಾಗಿದೆ. ಪ್ರವಾಸಿಗಳ ಗಾಡಿಗಳು ಅಲ್ಲಿ ನಿಲ್ಲುವುದು ಕಡಿಮೆ.

ಅಹಮದ್ ಖಾನ್ ಎರಡನೆಯ ದೇವರಾಯನ ಅಧಿಕಾರಿ. ದೇವರಾಯನು ತನ್ನ ಸೈನ್ಯಕ್ಕೆ ಮುಸಲ್ಮಾನ ಸವಾರರನ್ನೂ ಬಿಲ್ಲುಗಾರರನ್ನೂ ಸೇರಿಸಿಕೊಂಡ. ಅವರು ವಂದಿಸುವಾಗ ಸಂಕೋಚವಾಗದಿರಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇಡಿಸಿದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಅಹಮದ್ ಖಾನ್ ಈ ಕಟ್ಟಡವನ್ನು ಕಟ್ಟಿಸಿ 1439ರಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದ. ಅದರಲ್ಲಿ ಇದನ್ನು ಧರ್ಮಸಾಲೆ ಎಂದು ಕರೆದಿದ್ದಾನೆ, ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಹೇಳಿದ್ದಾನೆ. ಒಬ್ಬ ನೌಕರ ತನ್ನ ದೊರೆಗೆ ಕಲ್ಲಿನಲ್ಲಿ ಬರೆದುಕೊಟ್ಟ ಬಿನ್ನವತ್ತಳೆ ಎನ್ನಬಹುದು. ನಾವು ಇದನ್ನೆಲ್ಲ ಹೇಳುತ್ತಿದ್ದಾಗ ಮಾಮೂ ಕಂಬಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಅದರಲ್ಲಿ ‘ರೂ’ ಇದೆಯಾ?”

ಇಲ್ಲ ಎಂದೆವು. ನಕ್ಕರು. ಆ ಹಳೆಯ ಬಿನ್ನವತ್ತಳೆಯನ್ನು ಅವರು ಮರೆತಿರಲಿಲ್ಲ ಎಂದು ನಮಗೆ ಆಗ ಗೊತ್ತಾಯಿತು. ನಮಗೆ ನಾಚಿಕೆಯಾಯಿತು. ಸಂಜೆ ಕಂಪ್ಲಿಗೆ ವಾಪಸಾಗುವಾಗ ಅವರೇ ಕಂಪಿಲರಾಯನ ಮಾತು ತೆಗೆದರು. ದಿಲ್ಲಿಯ ತುಘಲಕ್ ಸುಲ್ತಾನನ ವಿರುದ್ಧ ಬಂಡೆದ್ದ ಅವನ ಸೋದರಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್ ಓಡಿ ಬಂದು ಕಂಪ್ಲಿಯಲ್ಲಿ ಆಸರೆ ಪಡೆದ. ಅವನನ್ನು ಒಪ್ಪಿಸಲು ಕಂಪಿಲರಾಯ ಒಪ್ಪಲಿಲ್ಲ. 1327ರ ಹೊತ್ತಿಗೆ ಕಂಪ್ಲಿಯ ರಾಜ್ಯ ನಾಶವಾಯಿತು. ನಮ್ಮ ಕಡೆ ಕುಮಾರರಾಮನ ಕಥೆ ಎಲ್ಲರಿಗೂ ಗೊತ್ತು, ಆಸರೆ ಬೇಡಿ ಬಂದವನ ಹೆಸರು ಹೆಚ್ಚು ಜನರಿಗೆ ನೆನಪಿಲ್ಲ. “ಬಂದವನು ಯಾರು ಅಂತ ಅವನು ಕೇಳಿರಲಿಕ್ಕಿಲ್ಲ” ಎಂದು ಮಾಮೂ 700 ವರ್ಷದ ಹಿಂದಿನ ರಾಜನ ಪರವಾಗಿ ಹೇಳಿದರು.

ಮಾಮೂ ತೀರಿಕೊಂಡಾಗ ದೊಡ್ಡ ಸನ್ಮಾನವೇನೂ ಆಗಲಿಲ್ಲ. ಹಳ್ಳಿಯ ಇಬ್ಬರು ಮಾಜಿ ಸೈನಿಕರು ತಮ್ಮ ಹಳೆಯ ಟೋಪಿ ಹಾಕಿಕೊಂಡು ಬಂದು ಜನಾಜಾದ ಮುಂದೆ ಸೆಲ್ಯೂಟ್ ಹೊಡೆದರು. ಕೈಪಂಪಿನ ಕಡೆಯ ಹೆಂಗಸರು ದೂರದಲ್ಲಿ ನಿಂತಿದ್ದರು. ಆ ಪಂಪಿನಲ್ಲಿ ಆಗಲೂ ನೀರು ಬರುತ್ತಿತ್ತು.

ಎರಡು ದಿನ ಬಿಟ್ಟು ಹುಡುಗರು ಬಂದರು. ನಾವು ಅವರಿಗೆ ಬಿನ್ನವತ್ತಳೆ ಕೊಡಲಿಲ್ಲ, ಒಂದು ಕೆಲಸ ಕೊಟ್ಟೆವು. “ನಿಮ್ಮ ಯೋಧರು ಮಿಲಿಟರಿಯಲ್ಲಿ ಏನು ಮಾಡುತ್ತಿದ್ದರು?” ಎಂದು ಕೇಳಿದೆವು. ಮೂವರಿಗೂ ಗೊತ್ತಿರಲಿಲ್ಲ. “ಮಿಲಿಟರಿಯಲ್ಲಿ ಇದ್ದರು ಸಾರ್, ಬಾರ್ಡರಿನಲ್ಲಿ” ಎಂದರು. “ಕೇಳಿಕೊಂಡು ಬನ್ನಿ. ಆ ಅಕ್ಕನವರು ಐದು ವರ್ಷದಲ್ಲಿ ಏನೇನು ಮಾಡಿಸಿದರು ಎಂಬುದನ್ನೂ ಬರೆದುಕೊಂಡು ಬನ್ನಿ. ಎಷ್ಟು ಗಜ, ಎಷ್ಟು ಮನೆ, ಎಷ್ಟು ಮಕ್ಕಳು, ಎಲ್ಲ ಬರಲಿ” ಎಂದೆವು. ಹುಡುಗರಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ಕಲಿ, ಸಿಡಿಲಮರಿಗಳಿಗೆ ಇಷ್ಟು ತಿರುಗಾಟ ಬೇಕಿರಲಿಲ್ಲ.

ಆದರೆ ಹೋಗಿ ಕೇಳಿಕೊಂಡು ಬಂದರು. ಆ ಯೋಧರು ಲಾರಿ ಡ್ರೈವರ್. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಲಡಾಖಿನ ಠಾಣ್ಯಗಳಿಗೆ ಹಿಟ್ಟು, ಸೀಮೆಎಣ್ಣೆ ಸಾಗಿಸುವುದು ಅವರ ಕೆಲಸವಾಗಿತ್ತು. ಯಾರ ಎದೆಯನ್ನೂ ನಡುಗಿಸಿರಲಿಲ್ಲ. ಅವರು ಹೊತ್ತು ಹಾಕಿದ ಹಿಟ್ಟಿನಿಂದ ಚಳಿಗಾಲವಿಡೀ ಎಷ್ಟೋ ಜನ ರೊಟ್ಟಿ ತಿಂದಿದ್ದರು. ಹುಡುಗರಲ್ಲಿ ಒಬ್ಬ ಹೇಳಿದ: “ಸಾರ್, ಇಷ್ಟು ವರ್ಷದಲ್ಲಿ ನಮ್ಮೂರಲ್ಲಿ ಅವರನ್ನು ಯಾರೂ ಇದನ್ನ ಕೇಳೇ ಇಲ್ಲಂತೆ. ರಾತ್ರಿ ಹತ್ತರ ತನಕ ಹೇಳಿದರು.”

ಅಕ್ಕನವರ ಪಟ್ಟಿ ಒಂದೂವರೆ ಪುಟ ಇತ್ತು. ತಾಂಡಾದ ಅಂಗನವಾಡಿಗೆ ಸ್ವಂತ ಕಟ್ಟಡ, ಬಸ್ಸು ತಾಂಡಾದ ಒಳಗೆ ಬಂದು ನಿಲ್ಲುವಂತೆ ಮಾಡಿದ್ದು, ಉದ್ಯೋಗ ಖಾತ್ರಿಯ ಕೂಲಿ ತಡವಾದಾಗ ಹದಿನೇಳು ಹೆಂಗಸರನ್ನು ಕರೆದುಕೊಂಡು ತಾಲೂಕು ಪಂಚಾಯಿತಿ ಕಚೇರಿಯ ಮುಂದೆ ಕುಳಿತದ್ದು. ಮೊದಲ ವರ್ಷ ಸಭೆಯಲ್ಲಿ ಅವರ ಪರವಾಗಿ ಗಂಡ ಮಾತಾಡುತ್ತಿದ್ದನಂತೆ. ಎರಡನೆಯ ವರ್ಷದಿಂದ ಅವನನ್ನು ಹೊರಗೆ ಕೂರಿಸಿದರಂತೆ. ಅದನ್ನೂ ಬರೆಯಲೇ ಎಂದು ಕೇಳಿಸಿದೆವು. “ಬರೀರಿ, ಅದೇ ದೊಡ್ಡ ಕೆಲಸ” ಎಂದು ಅಕ್ಕನವರೇ ಹೇಳಿ ಕಳಿಸಿದರು.

ಎರಡೂ ಬಿನ್ನವತ್ತಳೆಗಳನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೂರು ರಾತ್ರಿ ಬೇಕಾಗಿತ್ತು. ಅಳತೆಗಳು ಕೈಯಲ್ಲಿದ್ದರೆ ವಿಶೇಷಣಗಳ ಕಷ್ಟ ಇರುವುದಿಲ್ಲ. ಕೊಡುವ ಮೊದಲು ಒಂದು ಸಲ ಓದಿಕೊಂಡೆವು. ಕೊನೆಯ ಪ್ಯಾರಾದಲ್ಲಿ, ನಮಗೆ ಗೊತ್ತಿಲ್ಲದೆಯೇ, “ಹೆಚ್ಚು ಓದಿರದಿದ್ದರೂ” ಎಂದು ಬಂದುಬಿಟ್ಟಿತ್ತು. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಪೆನ್ನು ತೆಗೆದು ಅದನ್ನು ಹೊಡೆದು ಹಾಕಿದೆವು.